ಮಿನಾರನ ಸೇನಾಪಟ

ಕ್ರಿ. ಶ. 1869ನೆಯ ನವೆಂಬರ್ ತಿಂಗಳ 20ನೆಯ ತಾರೀಖನ್ನು ಹೊತ್ತ ಒಂದು ಹಾಳೆಯು ಪ್ಯಾರಿಸ್ ನಗರದಲ್ಲಿ ಕಲ್ಲಚ್ಚಿನಿಂದ ಮುದ್ರಿತವಾಗಿ ಹೊರಬಿದ್ದಿತು. ಅದರ ಮೇಲ್ಭಾಗದಲ್ಲಿ ಹ್ಯಾನಿಬಾಲನು ಸ್ಪೇನಿನಿಂದ ಇಟಲಿಗೆ ನಡೆಸಿಕೊಂಡು ಹೋದ ಸೇನೆಯ ಪಟ. ಕೆಳಭಾಗದಲ್ಲಿ ನೆಪೋಲಿಯನ್ನನ 1812-13ರ ರಷ್ಯಾ ದಂಡಯಾತ್ರೆಯ ಪಟ. ಇವನ್ನು ರಚಿಸಿದವನು ಚಿತ್ರಕಾರನಲ್ಲ, ಇತಿಹಾಸಕಾರನೂ ಅಲ್ಲ. ರಸ್ತೆ, ಸೇತುವೆ, ಕಾಲುವೆಗಳ ಕೆಲಸದಲ್ಲಿ ಆಯುಷ್ಯವನ್ನು ಸವೆಸಿ ನಿವೃತ್ತನಾಗಿದ್ದ ಷಾರ್ಲ್ ಜೋಸೆಫ್ ಮಿನಾರ್ ಎಂಬ ಇಂಜಿನಿಯರು. ಆಗ ಆತನಿಗೆ ಎಂಬತ್ತೆಂಟು ವರ್ಷ ವಯಸ್ಸು.

ಮಿನಾರನು 1781ರಲ್ಲಿ ದಿಜಾನ್ ಪಟ್ಟಣದಲ್ಲಿ ಹುಟ್ಟಿದನು. ಸರಕಾರದ ಸೇತುವೆ ರಸ್ತೆಗಳ ಇಲಾಖೆಯನ್ನು ಸೇರಿ, 1813ರಲ್ಲಿ ಆಂಟ್‌ವರ್ಪ್ ಬಂದರಿನಲ್ಲಿದ್ದಾಗ ಶತ್ರುಗಳ ಮುತ್ತಿಗೆಯನ್ನು ಕಣ್ಣಾರೆ ಕಂಡನು. ಮುಂದೆ ಇಲಾಖೆಯ ವಿದ್ಯಾಲಯದಲ್ಲಿ ಅಧ್ಯಾಪಕನಾಗಿ, ಮಹಾನಿರೀಕ್ಷಕನಾಗಿ, 1851ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದನು. ಆದರೆ ಆತನ ಹೆಸರನ್ನು ಉಳಿಸಿದ ಕೆಲಸಗಳಲ್ಲಿ ಹೆಚ್ಚಿನವು ಆ ಬಿಡುವಿನ ಕಾಲದವೇ. ಅದರ ಬೀಜ ಮಾತ್ರ ಹಳೆಯದು. ದಿಜಾನಿಗೂ ಮ್ಯೂಲೂಸಿಗೂ ನಡುವೆ ರೈಲುದಾರಿಯನ್ನು ಎತ್ತ ಹಾಯಿಸಬೇಕೆಂಬ ಚರ್ಚೆ ಎದ್ದಾಗ, 1845ರಲ್ಲಿ ಆತನು ಆ ಸೀಮೆಯ ಭೂಪಟದ ಮೇಲೆ ದಾರಿದಾರಿಗೂ ಒಂದೊಂದು ಪಟ್ಟಿಯನ್ನೆಳೆದು, ಪ್ರಯಾಣಿಕರ ಸಂಖ್ಯೆಗೆ ತಕ್ಕಷ್ಟು ಅಗಲವನ್ನು ಪಟ್ಟಿಗೆ ಕೊಟ್ಟನು. ಜನ ಎಲ್ಲಿ ಹೆಚ್ಚು ಓಡಾಡುವರೆಂಬುದನ್ನು ತಿಳಿಯಲು ಅಂಕಿಗಳ ಕೋಷ್ಟಕವನ್ನು ಓದುವ ಕಷ್ಟ ತಪ್ಪಿತು.

ಇದೇ ಕ್ರಮದಲ್ಲಿ ಆತನು ಕಲ್ಲಿದ್ದಲು, ದ್ರಾಕ್ಷಾಮದ್ಯ, ಧಾನ್ಯ, ವಲಸೆಹೋಗುವ ಜನ, ಇವುಗಳ ಪಟಗಳನ್ನು ಒಂದರ ಮೇಲೊಂದರಂತೆ ಮುದ್ರಿಸಿದನು. ಅವುಗಳಲ್ಲಿ ಯೂರೋಪಿಗೆ ಬರುವ ಹತ್ತಿಯ ಪಟಗಳು ಕನ್ನಡಿಗರಿಗೆ ವಿಶೇಷ ಸ್ವಾರಸ್ಯವುಳ್ಳವು. 1858ರ ಪಟದಲ್ಲಿ ಅಮೆರಿಕದಿಂದ ಹೊರಟ ಪಟ್ಟಿಯು ಅಟ್ಲಾಂಟಿಕ್ ಸಮುದ್ರವನ್ನೇ ಮುಚ್ಚುವಂತಿದೆ. ಅಲ್ಲಿ ಅಂತರ್ಯುದ್ಧವು ನಡೆದ ಮೇಲೆ, 1864-65ರ ಪಟಗಳಲ್ಲಿ ಅದು ಸೊರಗಿ, ಹಿಂದೂದೇಶದಿಂದ ಆಫ್ರಿಕವನ್ನು ಸುತ್ತಿ ಹೋಗುವ ಪಟ್ಟಿಯು ಉಬ್ಬಿದೆ. ಧಾರವಾಡ ಸೀಮೆಯ ರೈತರಿಗೆ ಹತ್ತಿಯಿಂದ ಹಣ ಹರಿದುಬಂದದ್ದೂ, ಆ ಹತ್ತಿಯ ಸಲುವಾಗಿ ಕಾರವಾರದ ಬಂದರಿನ ಮೇಲೆ ಮುಂಬಯಿ ಸರಕಾರದ ಕಣ್ಣು ಬಿದ್ದದ್ದೂ, ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದೂ ಈ ವರ್ಷಗಳಲ್ಲಿಯೇ. ಪಟ್ಟಿಗಳಿಗೆ ಎಡೆ ಸಾಲದಿದ್ದರೆ ಮಿನಾರನು ಕರಾವಳಿಗಳನ್ನೇ ಅತ್ತಿತ್ತ ಸರಿಸಿಬಿಡುತ್ತಿದ್ದನು. ಭೂಗೋಳಜ್ಞರು ಇದಕ್ಕೆ ಹುಬ್ಬುಗಂಟಿಕ್ಕಬಹುದು. ಅಳತೆ ಸರಿಯಾಗಿರಬೇಕಾದುದು ಹತ್ತಿಗೆ, ಸಮುದ್ರಕ್ಕಲ್ಲ ಎಂಬುದು ಆತನ ಪಕ್ಷ.

ಇನ್ನು ರಷ್ಯಾದ ಪಟ. ಇದರಲ್ಲಿ ಒಂದು ಮಿಲಿಮೀಟರ್ ಅಗಲವೆಂದರೆ ಹತ್ತು ಸಾವಿರ ಜನ. ಒಳಹೊಕ್ಕವರಿಗೆ ಕೆಂಪು ಬಣ್ಣ, ಹೊರಬಂದವರಿಗೆ ಕಪ್ಪು. ನಿಯೆಮನ್ ನದಿಯ ದಡದಲ್ಲಿ 4,22,000 ಜನರೊಡನೆ ಹೊರಟ ಪಟ್ಟಿಯು ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು. ಮಾಸ್ಕೋ ಮುಟ್ಟುವಾಗ ಒಂದು ಸೆಂಟಿಮೀಟರ್, ಅಂದರೆ ಒಂದು ಲಕ್ಷ. ಮರಳಿ ನಿಯೆಮನ್ನಿಗೆ ಬಂದಾಗ ಒಂದು ಗೆರೆ, 10,000 ಜನ. ಕಪ್ಪು ಪಟ್ಟಿಯ ಕೆಳಗೆ ಹಿಮ್ಮೆಟ್ಟುವ ದಿನಗಳ ಶೀತವನ್ನು ತೋರಿಸುವ ಇನ್ನೊಂದು ರೇಖೆಯಿದೆ. ಜನರ ಸಂಖ್ಯೆ, ಸ್ಥಳ, ನಡೆದ ದಿಕ್ಕು, ದಿನಾಂಕ, ಶೀತ ಇವೆಲ್ಲವೂ ಒಂದೇ ಹಾಳೆಯಲ್ಲಿ ಕೂಡಿವೆ.

ಹೀಗೆ ಕೂಡಿಸುವುದು ಸುಲಭವಾಗಿರಲಿಲ್ಲ. ಮಿನಾರನು ತನ್ನ ಆಧಾರಗಳನ್ನು ಪಟದ ಮೇಲೆಯೇ ಹೆಸರಿಸಿದ್ದಾನೆ: ತಿಯೇರ್, ಸೆಗ್ಯೂರ್, ಫೆಜಾನ್ಸಾಕ್, ಷಾಂಬ್ರೆ, ಮತ್ತು ಜಾಕೋಬ್ ಎಂಬ ಸೈನ್ಯದ ಔಷಧಗಾರನ ಅಚ್ಚಾಗದ ದಿನಚರಿ. ಇವರು ಒಂದೇ ತರದವರಲ್ಲ. ತಿಯೇರನು ಯಾತ್ರೆಗೆ ಹೋಗಿಯೇ ಇರಲಿಲ್ಲ. ಬಹಳ ವರ್ಷಗಳ ತರುವಾಯ ಮಹಾಗ್ರಂಥವನ್ನು ಬರೆದ ಇತಿಹಾಸಕಾರನು. ಸೆಗ್ಯೂರನು ಚಕ್ರವರ್ತಿಯ ಪರಿವಾರದಲ್ಲಿದ್ದವನು; ಅವನ ಪುಸ್ತಕ 1824ರಲ್ಲಿ ಹೊರಟಾಗ, ನೆಪೋಲಿಯನ್ನನ ಭಕ್ತನಾದ ಗೂರ್ಗೋ ಎಂಬ ಸೇನಾನಿಯು ಕೋಪಗೊಂಡು ಖಂಡನಗ್ರಂಥವನ್ನು ಬರೆದುದಲ್ಲದೆ ದ್ವಂದ್ವಯುದ್ಧಕ್ಕೂ ಇಳಿದನು! ಫೆಜಾನ್ಸಾಕನು ಹಿಂಬದಿಯ ಕಾವಲುಪಡೆಯಲ್ಲಿ ಒಂದು ರೆಜಿಮೆಂಟಿನ ಕರ್ನಲನಾಗಿ ಹಿಮದಲ್ಲಿ ನಡೆದವನು. ಷಾಂಬ್ರೆಯು ಫಿರಂಗಿದಳದ ಅಧಿಕಾರಿ. ಒಬ್ಬನಿಗೆ ಕಂಡದ್ದು ಅರಮನೆಯ ಮೇಜು, ಇನ್ನೊಬ್ಬನಿಗೆ ಹೆಜ್ಜೆಹೆಜ್ಜೆಗೂ ಕುಸಿಯುವ ಸಿಪಾಯಿ. ಇಂತಹ ಐವರ ಮಾತುಗಳಿಂದ ಒಂದೇ ಅಗಲದ ಪಟ್ಟಿಯನ್ನು ಎಳೆಯಬೇಕಾದರೆ ಎಲ್ಲಿಯೋ ಒಂದೆಡೆ ತೀರ್ಮಾನ ಮಾಡಲೇಬೇಕು.

ಅಂತಹ ಒಂದು ತೀರ್ಮಾನವನ್ನು ಆತನು ಮುಚ್ಚಿಡಲಿಲ್ಲ. ಜೆರೋಮ್ ರಾಜಕುಮಾರನ ದಳವೂ ಮಾರ್ಷಲ್ ದವೂನ ದಳವೂ ಬೇರೆಯಾಗಿ ಮಿನ್ಸ್ಕ್ ಮತ್ತು ಮೊಗಿಲೆವ್ ಕಡೆಗೆ ಹೋಗಿ, ಓರ್ಷಾ, ವಿಟೆಬ್ಸ್ಕ್‌ಗಳ ಹತ್ತಿರ ಮುಖ್ಯ ಸೈನ್ಯವನ್ನು ಮತ್ತೆ ಕೂಡಿಕೊಂಡವು. ಸೇನೆಯು ಕುಗ್ಗಿದ ಬಗೆ ಕಣ್ಣಿಗೆ ಸ್ಪಷ್ಟವಾಗಲೆಂದು ಅವು ಮೊದಲಿನಿಂದಲೂ ಒಟ್ಟಿಗೇ ನಡೆದುವೆಂದು ಭಾವಿಸಿಕೊಂಡಿರುವುದಾಗಿ ಆತನೇ ಟಿಪ್ಪಣಿಯಲ್ಲಿ ಹೇಳಿದ್ದಾನೆ.

ಪಟವನ್ನು ಅಂಕಿಗಳ ಸಮೇತ ನಿಧಾನವಾಗಿ ನೋಡಿದವರಿಗೆ ಒಂದು ಆಶ್ಚರ್ಯ ಕಾದಿದೆ. ರಷ್ಯಾದ ಚಳಿಯೇ ನೆಪೋಲಿಯನ್ನನನ್ನು ಕೆಡವಿತೆಂಬುದು ಶಾಲೆಯ ಹುಡುಗರೂ ಬಲ್ಲ ಮಾತು. ಆದರೆ ಎಡಗಡೆಗೆ ಕವಲೊಡೆದ 22,000 ಮತ್ತು 60,000 ಜನರನ್ನು ಕಳೆದರೆ ಮಾಸ್ಕೋ ಕಡೆಗೆ ನಡೆದವರು 3,40,000, ಅವರಲ್ಲಿ ವಿಟೆಬ್ಸ್ಕಿನ ಬಳಿ ಉಳಿದವರು 1,75,000, ಸ್ಮೋಲೆನ್ಸ್ಕಿನಲ್ಲಿ 1,45,000. ಸೈನ್ಯವು ನಿಯೆಮನ್ ದಾಟಿದ್ದು ಜೂನ್ 24ಕ್ಕೆ, ವಿಟೆಬ್ಸ್ಕ್ ಸೇರಿದ್ದು ಜುಲೈ ತಿಂಗಳ ಕೊನೆಗೆ. ಅದು ನಡುಬೇಸಗೆ! ಸೆಕೆ, ಹಸಿವು, ಕೆಟ್ಟ ನೀರು, ಆಮಶಂಕೆ, ವಿಷಮಜ್ವರ, ಪಲಾಯನ, ಇವು ದೊಡ್ಡ ಯುದ್ಧವೊಂದೂ ನಡೆಯುವುದಕ್ಕೆ ಮೊದಲೇ ಸೇನೆಯನ್ನು ತಿಂದುಹಾಕುತ್ತಿದ್ದುವು. ದಾರಿಯ ಊರುಗಳಲ್ಲಿ ಕಾವಲಿಗೆಂದು ಬಿಟ್ಟ ಪಡೆಗಳೂ ಈ ಇಳಿತದಲ್ಲಿ ಸೇರಿಹೋಗಿವೆ. ಸತ್ತವನಿಗೂ ಕೋಟೆ ಕಾಯಲು ನಿಂತವನಿಗೂ ಪಟ್ಟಿಯ ಅಗಲದಲ್ಲಿ ಭೇದವಿಲ್ಲ. ಇದು ಪಟದ ನಿಜವಾದ ಕೊರತೆ.

ಶೀತದ ರೇಖೆಯ ವಿಚಾರವೂ ಹೀಗೆಯೇ. ಅದರ ಅಳತೆಯು ಆ ಕಾಲದ ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದ ರೆಯೋಮ್ಯೂರ್ ಮಾಪಕದ್ದು. ಅಲ್ಲಿ ನೀರು ಕುದಿಯುವುದು 80 ಅಂಶಕ್ಕೆ. ಡಿಸೆಂಬರ್ 6ರ ಸೊನ್ನೆಯ ಕೆಳಗಿನ 30 ಅಂಶವೆಂದರೆ ಸೆಂಟಿಗ್ರೇಡಿನಲ್ಲಿ ಮೂವತ್ತೇಳೂವರೆ. ಮಾಸ್ಕೋವನ್ನು ಬಿಟ್ಟದ್ದು ಅಕ್ಟೋಬರ್ 19ಕ್ಕೆ. ರೇಖೆಯಲ್ಲಿ ಮೊದಲ ಕಟುಶೀತ, ಸೊನ್ನೆಯ ಕೆಳಗೆ 9 ಅಂಶ, ಕಾಣುವುದು ನವೆಂಬರ್ 9ಕ್ಕೆ. ಅಷ್ಟರಲ್ಲಿಯೇ ಕಪ್ಪು ಪಟ್ಟಿಯು ಸುಮಾರು ಅರ್ಧಕ್ಕೆ ಇಳಿದಿದೆ. ಬೆರೆಜಿನಾ ನದಿಯ ಬಳಿ ಕವಲು ಸೈನ್ಯದ 30,000 ಜನ ಬಂದು ಸೇರಿ 20,000 ಇದ್ದದ್ದು 50,000 ಆಗುತ್ತದೆ. ನದಿಯಾಚೆಗೆ ಉಳಿದವರು 28,000. ಆ ಅನರ್ಥಕ್ಕೆ ಶತ್ರುವಿನ ಜೊತೆಗೆ ಕಾರಣವಾದುದು ಚಳಿಯಲ್ಲ, ಚಳಿಯ ಅಭಾವ. ನಡುವೆ ಶೀತ ಸಡಿಲಿ ಮಂಜುಗಡ್ಡೆ ಒಡೆದುದರಿಂದ ಎಬ್ಲೆ ಎಂಬ ಸೇನಾನಿಯ ಸೇತುಗಾರರು ಕೊರೆಯುವ ನೀರಿನಲ್ಲಿ ಎದೆಮಟ್ಟ ನಿಂತು ಎರಡು ಸೇತುವೆಗಳನ್ನು ಕಟ್ಟಬೇಕಾಯಿತು. ಹಾಳೆಯ ರೇಖೆಯಾದರೋ ಅಲ್ಲೆಲ್ಲಿಯೂ ಸೊನ್ನೆಯ ಮಟ್ಟಕ್ಕೆ ಏರುವುದಿಲ್ಲ.

ಈ ಹಾಳೆ ಹೊರಟ ಮರುವರ್ಷವೇ ಪ್ರಷ್ಯದ ಸೈನ್ಯವು ಪ್ಯಾರಿಸನ್ನು ಮುತ್ತಲು ಬಂದಿತು. ಹರೆಯದಲ್ಲಿ ಆಂಟ್‌ವರ್ಪಿನ ಮುತ್ತಿಗೆಯನ್ನು ಕಂಡಿದ್ದ ವೃದ್ಧನು ಪುಸ್ತಕಗಳನ್ನೂ ಕಾಗದಗಳನ್ನೂ ಬಿಟ್ಟು, ಕೈಗೆ ಹಗುರವಾದ ಕೆಲಸವನ್ನು ಮಾತ್ರ ತೆಗೆದುಕೊಂಡು 1870ರ ಸೆಪ್ಟೆಂಬರಿನಲ್ಲಿ ಬೋರ್ಡೋ ಪಟ್ಟಣಕ್ಕೆ ಹೊರಟುಹೋದನು. ಅಲ್ಲಿ ಜ್ವರ ಬಂದು ಅಕ್ಟೋಬರ್ 24ರಂದು ತೀರಿಕೊಂಡನು.

ಪಟವು ಬಹುಕಾಲ ತಜ್ಞರ ಕಪಾಟಿನಲ್ಲಿಯೇ ಉಳಿಯಿತು. 1878ರಲ್ಲಿ ಮಾರೆ ಎಂಬ ಶರೀರಶಾಸ್ತ್ರಜ್ಞನು ರೇಖಾಪದ್ಧತಿಯನ್ನು ಕುರಿತ ತನ್ನ ಗ್ರಂಥದಲ್ಲಿ, ಇತಿಹಾಸಕಾರನ ಲೇಖನಿಗೆ ಇದರಷ್ಟು ಕ್ರೂರವಾಗಿ ಮಾತನಾಡಲು ಸಾಧ್ಯವಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟನು. ಸಾಮಾನ್ಯರವರೆಗೆ ಅದು ಬಂದದ್ದು 1983ರಲ್ಲಿ, ಅಮೆರಿಕದ ಎಡ್ವರ್ಡ್ ಟಫ್ಟಿಯವರು ತಮ್ಮ ಪುಸ್ತಕದಲ್ಲಿ ಅದನ್ನು ಹೊಗಳಿ, ಗೋಡೆಗೆ ತೂಗುಹಾಕುವ ಭಿತ್ತಿಪಟವಾಗಿಯೂ ಮಾರಾಟಕ್ಕಿಟ್ಟ ಮೇಲೆ. ಈಗ ಅದು ಎಷ್ಟೋ ಪಠ್ಯಗಳಲ್ಲಿಯೂ ವಿದ್ಯಾಲಯಗಳ ಗೋಡೆಗಳಲ್ಲಿಯೂ ಕಾಣಸಿಗುವುದು. ಆದರೆ ಮೇಲ್ಭಾಗದಲ್ಲಿ 26,000 ಜನರೊಡನೆ ಇಟಲಿ ಸೇರಿದ ಹ್ಯಾನಿಬಾಲನನ್ನು ಅನೇಕ ಪ್ರತಿಗಳು ಕತ್ತರಿಸಿಬಿಟ್ಟಿವೆ. ಐವರ ಹೆಸರನ್ನೂ ದವೂನ ದಳದ ಮಾತನ್ನೂ ಹೇಳುವ ಟಿಪ್ಪಣಿಯು ಕೆಲವದರಲ್ಲಿ ಇಲ್ಲ, ಕೆಲವದರಲ್ಲಿ ಓದಲಾರದಷ್ಟು ಸಣ್ಣ ಅಕ್ಷರದಲ್ಲಿದೆ.