ದೋಷ ಯಾರದು? - ಪ್ರೊಸೆಸರ್ ಬದಲಿಸಿದ ಗಣಕಯಂತ್ರಗಳ ಒಂದಿಷ್ಟು ಇತಿಹಾಸ



ಸರಿಯಾಗಿ ನಡೆಯುತ್ತಿದ್ದ ಕಂಪ್ಯೂಟರಿಗೆ ಇನ್ನೂ ವೇಗದ ಪ್ರೊಸೆಸರನ್ನು ಹಾಕಿಸುತ್ತೇವೆ. ಮರುದಿನದಿಂದ ಅದು ನಡುನಡುವೆ ಸ್ತಬ್ಧವಾಗುತ್ತದೆ, ಇಲ್ಲವೇ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತದೆ. ಆಗ ದೋಷ ಯಾರದು? ಮಾರಿದವನು ಜೋಡಿಸಿದವನ ಮೇಲೆ, ಜೋಡಿಸಿದವನು ವಿಂಡೋಸ್ ಮೇಲೆ, ವಿಂಡೋಸ್ ಬಲ್ಲವನು ಮೆಮೊರಿಯ ಮೇಲೆ, ಕೊನೆಗೆ ಎಲ್ಲರೂ ಸೇರಿ ಕರೆಂಟಿನ ಮೇಲೆ ಹೊರೆ ಹೊರಿಸುವುದು ಲೋಕರೂಢಿ. ಪ್ರೊಸೆಸರ್ ತಾನೇ ತಪ್ಪು ಮಾಡಬಹುದೆಂದು ಯಾರೂ ಮೊದಲು ಶಂಕಿಸುವುದಿಲ್ಲ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಭಾಗಾಕಾರ ತಪ್ಪಬಹುದೆಂದು ಹಿಂದಿನ ಬೆಂಚಿನ ಹುಡುಗ ಎಲ್ಲಿ ಶಂಕಿಸುತ್ತಾನೆ? ಆದರೆ ಅಂತಹ ಶಂಕೆ ನಿಜವಾದ ಪ್ರಸಂಗಗಳು ಇತಿಹಾಸದಲ್ಲಿವೆ. ಶಂಕೆ ಸುಳ್ಳಾದವೂ ಇವೆ. ಎರಡನ್ನೂ ಇಲ್ಲಿ ನಿವೇದಿಸುತ್ತೇನೆ.

ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ಅವರು ಅವಳಿ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ್ದರು. 3 ಮತ್ತು 5, 5 ಮತ್ತು 7, 11 ಮತ್ತು 13, ಹೀಗೆ ಎರಡರ ಅಂತರದಲ್ಲಿ ಬರುವ ಜೋಡಿಗಳು ಇವು. ಅಂತಹ ಜೋಡಿಗಳಿಗೆ ಕೊನೆಯಿದೆಯೇ ಇಲ್ಲವೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಅವುಗಳ ವ್ಯುತ್ಕ್ರಮಗಳನ್ನೆಲ್ಲ ಕೂಡುತ್ತಾ ಹೋದರೆ ಮೊತ್ತವು ಒಂದು ಮಿತಿಯನ್ನು ಮೀರುವುದಿಲ್ಲವೆಂದು ನಾರ್ವೆಯ ವಿಗ್ಗೋ ಬ್ರುನ್ 1919ರಲ್ಲಿ ಸಾಧಿಸಿ ತೋರಿಸಿದ್ದರು. ಆ ಮೊತ್ತ ಸುಮಾರು 1.902. ಅದರ ಮುಂದಿನ ದಶಮಾಂಶ ಸ್ಥಾನಗಳನ್ನು ನಿಖರವಾಗಿ ಪಡೆಯಲು ನೈಸ್ಲಿಯವರು ಹಲವು ಕಂಪ್ಯೂಟರುಗಳನ್ನು ಹಗಲಿರುಳು ದುಡಿಸುತ್ತಿದ್ದರು. ಹಳೆಯ 486 ಯಂತ್ರಗಳ ಜೊತೆಗೆ 1994ರಲ್ಲಿ ಹೊಸ ಪೆಂಟಿಯಂ ಯಂತ್ರವೊಂದನ್ನು ಸೇರಿಸಿದರು. ಅಲ್ಲಿಂದ ತೊಂದರೆ ಪ್ರಾರಂಭವಾಯಿತು.

ಯಂತ್ರವೇನೂ ನಿಲ್ಲಲಿಲ್ಲ. ನಿಂತಿದ್ದರೆ ಕೆಲಸ ಸುಲಭವಾಗುತ್ತಿತ್ತು! ಅದು ಸೊಗಸಾಗಿ ನಡೆದು ತಪ್ಪು ಉತ್ತರ ಕೊಡುತ್ತಿತ್ತು. ನೈಸ್ಲಿಯವರು ಲೆಕ್ಕವನ್ನು ಬೇರೆ ಬೇರೆ ಯಂತ್ರಗಳಲ್ಲಿ ಎರಡೆರಡು ಸಲ ಮಾಡಿಸಿ ತಾಳೆ ನೋಡುವ ಸ್ವಭಾವದವರಾದ್ದರಿಂದ ಜೂನ್ ತಿಂಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬಿತ್ತು. ಮುಂದಿನ ನಾಲ್ಕು ತಿಂಗಳು ಅವರು ನಡೆಸಿದ ಶೋಧನೆಯನ್ನು ಪ್ರತಿಯೊಬ್ಬ ವಿಜ್ಞಾನದ ವಿದ್ಯಾರ್ಥಿಯೂ ತಿಳಿಯಬೇಕು. ಮೊದಲು ತಮ್ಮ ಪ್ರೋಗ್ರಾಮನ್ನೇ ಶಂಕಿಸಿದರು. ಅನಂತರ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರನ್ನು, ಆಮೇಲೆ ಮದರ್‌ಬೋರ್ಡನ್ನು. ಒಂದೊಂದನ್ನೇ ಬದಲಿಸಿ ನೋಡಿದರೂ ತಪ್ಪು ಹೋಗಲಿಲ್ಲ. ಅದೇ ಲೆಕ್ಕ 486 ಯಂತ್ರದಲ್ಲಿ ಸರಿ ಬರುತ್ತಿತ್ತು. ಬೇರೆ ತಯಾರಕರ ಪೆಂಟಿಯಂ ಯಂತ್ರದಲ್ಲಿಯೂ ತಪ್ಪು ಬರುತ್ತಿತ್ತು. ಪೆಂಟಿಯಂನೊಳಗಿನ ದಶಮಾಂಶ ಗಣಿತದ ವಿಭಾಗವನ್ನು ಬಳಸದಂತೆ ತಡೆದರೆ ಉತ್ತರ ಮತ್ತೆ ಸರಿಯಾಗುತ್ತಿತ್ತು. ಅಕ್ಟೋಬರ್ ವೇಳೆಗೆ ಸಂಶಯಕ್ಕೆ ಎಡೆಯುಳಿಯಲಿಲ್ಲ. 824633702441 ಎಂಬ ಸಂಖ್ಯೆಯ ವ್ಯುತ್ಕ್ರಮವನ್ನು ಕೇಳಿದರೆ ಪೆಂಟಿಯಂ ಎಂಟು ಅಂಕಿಗಳವರೆಗೆ ಮಾತ್ರ ಸರಿಯಾಗಿ ಹೇಳುತ್ತಿತ್ತು.

ಕಾರಣವನ್ನು ನನ್ನ ಗಣಿತದ ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಲ್ಲರು. ನಾವು ದೀರ್ಘ ಭಾಗಾಕಾರ ಮಾಡುವಾಗ ಭಾಜ್ಯದ ಮೊದಲ ಒಂದೆರಡು ಅಂಕಿಗಳನ್ನು ನೋಡಿ "ಎಷ್ಟು ಸಲ ಹೋಗುತ್ತದೆ" ಎಂದು ಅಂದಾಜಿಸುತ್ತೇವಲ್ಲವೇ? ಪೆಂಟಿಯಂ ಕೂಡ ಹಾಗೆಯೇ ಅಂದಾಜಿಸುತ್ತಿತ್ತು, ಮಗ್ಗಿಯ ಬದಲು ತನ್ನೊಳಗೆ ಅಚ್ಚಾದ ಒಂದು ಕೋಷ್ಟಕವನ್ನು ನೋಡಿ. ಆ ಕೋಷ್ಟಕದಲ್ಲಿ 2048 ಮನೆಗಳು. ಅವುಗಳಲ್ಲಿ 1066 ಮನೆಗಳು ತುಂಬಿರಬೇಕಾಗಿತ್ತು. ಕೋಷ್ಟಕವನ್ನು ಚಿಪ್ಪಿಗೆ ಇಳಿಸುವಾಗ 5 ಮನೆಗಳು ಖಾಲಿ ಉಳಿದುಬಿಟ್ಟವು. ಲೆಕ್ಕವು ಆ ಐದರ ಪೈಕಿ ಒಂದನ್ನು ಮುಟ್ಟಿದರೆ ಮಾತ್ರ ಎಡವಟ್ಟು. ಪ್ರಸಿದ್ಧವಾದ ಉದಾಹರಣೆಯೊಂದಿದೆ: 4195835ನ್ನು 3145727ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಮತ್ತೆ 3145727ರಿಂದ ಗುಣಿಸಿ, ಮೊದಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಬರಬೇಕು. ದೋಷಯುಕ್ತ ಪೆಂಟಿಯಂನಲ್ಲಿ 256 ಬರುತ್ತಿತ್ತು. ಭಾಗಾಕಾರವನ್ನು ಗುಣಾಕಾರದಿಂದ ತಾಳೆ ನೋಡಿ ಎಂದು ತರಗತಿಯಲ್ಲಿ ನಾನು ಗಂಟಲು ಹರಿದುಕೊಳ್ಳುತ್ತಿದ್ದುದು ನಿಮಗೆ ನೆನಪಿರಬಹುದು.

ಇಂಟೆಲ್ ಕಂಪನಿಗೆ ಈ ದೋಷ ತನ್ನದೇ ಪರೀಕ್ಷೆಗಳಿಂದ ಆ ವರ್ಷದ ನಡುವಿನಲ್ಲಿಯೇ ತಿಳಿದಿತ್ತು. ಸುದ್ದಿ ಹೊರಬಿದ್ದಾಗ ಅದು ಕೊಟ್ಟ ಸಮಾಧಾನವೇನೆಂದರೆ, ಸಾಮಾನ್ಯ ಬಳಕೆದಾರನಿಗೆ ಇಂತಹ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತು ಎಂಬುದು. ಐಬಿಎಂ ಕಂಪನಿ ಬೇರೆ ಲೆಕ್ಕ ಹಾಕಿ, 24 ದಿನಕ್ಕೊಮ್ಮೆ ಎದುರಾಗಬಹುದೆಂದು ಹೇಳಿ, ಡಿಸೆಂಬರಿನಲ್ಲಿ ತನ್ನ ಪೆಂಟಿಯಂ ಯಂತ್ರಗಳ ಮಾರಾಟವನ್ನೇ ನಿಲ್ಲಿಸಿತು. ಎರಡು ದೊಡ್ಡ ಕಂಪನಿಗಳ ಅಂದಾಜಿನಲ್ಲಿ ಇಷ್ಟು ಅಂತರ! ನಿಜವಾದ ಅಪಚಾರವೆಂದರೆ, ಬದಲಿ ಚಿಪ್ಪು ಬೇಕಾದವನು ತನಗೆ ಅಷ್ಟು ನಿಖರವಾದ ಲೆಕ್ಕದ ಅಗತ್ಯವಿದೆಯೆಂದು ಮೊದಲು ಸಾಬೀತುಪಡಿಸಬೇಕೆಂಬ ಷರತ್ತು. ದುಡ್ಡು ಕೊಟ್ಟು ಕೊಂಡವನಿಗೆ ಸರಿಯಾದ ಭಾಗಾಕಾರಕ್ಕೂ ಅರ್ಹತೆ ಬೇಕೇ? ಜನರ ಆಕ್ರೋಶ ಹೆಚ್ಚಿ, 1994ರ ಡಿಸೆಂಬರ್ 20ರಂದು ಕಂಪನಿ ಕ್ಷಮೆ ಕೋರಿ, ಕೇಳಿದವರಿಗೆಲ್ಲ ಪ್ರೊಸೆಸರ್ ಬದಲಿಸಿಕೊಡಲು ಒಪ್ಪಿತು. ಇದಕ್ಕೆ ತಗುಲಿದ ವೆಚ್ಚ 47.5 ಕೋಟಿ ಡಾಲರ್ ಎಂದು ಮರುವರ್ಷ ಪ್ರಕಟಿಸಿತು.

ಇನ್ನು ಪ್ರೊಸೆಸರ್ ನಿರಪರಾಧಿಯಾಗಿದ್ದ ಪ್ರಸಂಗಕ್ಕೆ ಬರೋಣ. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಟರ್ಬೊ ಪ್ಯಾಸ್ಕಲ್‌ನಲ್ಲಿ ಅಂಕಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟಿದ್ದ. ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಶಾಲೆಗೆ ವೇಗದ ಹೊಸ ಯಂತ್ರ ಬಂದ ದಿನ ಅದು ಪ್ರಾರಂಭವಾಗುವ ಮೊದಲೇ "ರನ್‌ಟೈಮ್ ಎರರ್ 200" ಎಂದು ಹೇಳಿ ನಿಂತಿತು. ಶೂನ್ಯದಿಂದ ಭಾಗಿಸಲಾಗಿದೆ ಎಂಬುದು ಅದರ ಅರ್ಥ. ಅಂಕಪಟ್ಟಿಯಲ್ಲಿ ಶೂನ್ಯದಿಂದ ಭಾಗಿಸುವ ಪ್ರಮೇಯವೇ ಇರಲಿಲ್ಲ. ಹೊಸ ಯಂತ್ರ ಕೆಟ್ಟದ್ದು, ವಾಪಸು ಕಳುಹಿಸಿ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಎದ್ದಿತು.

ವಾಸ್ತವ ಬೇರೆ ಇತ್ತು. ಟರ್ಬೊ ಪ್ಯಾಸ್ಕಲ್‌ನ ಪರದೆ ನಿರ್ವಹಿಸುವ ಭಾಗವು ಮೊದಲು ಯಂತ್ರದ ವೇಗವನ್ನು ಅಳೆಯುತ್ತಿತ್ತು. ಪಿ.ಸಿ.ಯ ಗಡಿಯಾರವು ಸೆಕೆಂಡಿಗೆ ಸುಮಾರು 18.2 ಸಲ, ಅಂದರೆ 55 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಎರಡು ಮಿಡಿತಗಳ ನಡುವೆ ಬರಿದೇ ಎಷ್ಟು ಸುತ್ತು ಎಣಿಸಬಹುದೆಂದು ನೋಡಿ, ಅದನ್ನು 55ರಿಂದ ಭಾಗಿಸಿ, ಒಂದು ಮಿಲಿಸೆಕೆಂಡಿನ ಸುತ್ತುಗಳನ್ನು ಅದು ಗುರುತು ಹಾಕಿಕೊಳ್ಳುತ್ತಿತ್ತು. ಆ ಭಾಗಲಬ್ಧಕ್ಕೆ ಮೀಸಲಿಟ್ಟ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ಇದನ್ನು 55ರಿಂದ ಗುಣಿಸಿ ನೋಡಿ, 36,04,425. ಯಂತ್ರವು ಅಷ್ಟು ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚು ಎಣಿಸಿಬಿಟ್ಟರೆ ಉತ್ತರವು ಜಾಗದಲ್ಲಿ ಹಿಡಿಸದು. ಉತ್ತರ ಹಿಡಿಸದಿದ್ದರೂ, ಶೂನ್ಯದಿಂದ ಭಾಗಿಸಿದರೂ ಪ್ರೊಸೆಸರ್ ಎತ್ತುವ ಕೂಗು ಒಂದೇ ಆದ್ದರಿಂದ ಪರದೆಯ ಮೇಲೆ ಸುಳ್ಳು ಕಾರಣ ಮೂಡುತ್ತಿತ್ತು. ಪ್ರೊಸೆಸರಿನ ಅಪರಾಧವೆಂದರೆ ಅದು ಬೇಗ ಓಡಿದ್ದು, ಅಷ್ಟೆ. ತಿದ್ದುಪಡಿಯ ಪುಟ್ಟ ಪ್ರೋಗ್ರಾಮುಗಳು ಆಗಲೇ ಬಂದಿದ್ದವು. ಅದೇ ಹುಡುಗ ಒಂದು ಫ್ಲಾಪಿಯಲ್ಲಿ ತಂದು ಸರಿಪಡಿಸಿದ.

ಇದೇ ಜಾತಿಯ ತೊಂದರೆ 1998ರಲ್ಲಿ ಎಎಂಡಿ ಕಂಪನಿಯ ಕೆ6-2 ಪ್ರೊಸೆಸರ್ ಕೊಂಡವರನ್ನೂ ಕಾಡಿತು. 350 ಮೆಗಾಹರ್ಟ್ಸ್ ಮತ್ತು ಅದಕ್ಕೂ ವೇಗದವುಗಳಲ್ಲಿ ವಿಂಡೋಸ್ 95 ಪ್ರಾರಂಭದಲ್ಲಿಯೇ ಮುಗ್ಗರಿಸುತ್ತಿತ್ತು. ಸುತ್ತು ಎಣಿಸುವ ಆದೇಶವೊಂದನ್ನು ಆ ಚಿಪ್ಪು ಇಂಟೆಲ್‌ನದಕ್ಕಿಂತ ಬಹಳ ಬೇಗ ಮುಗಿಸುತ್ತಿದ್ದುದೇ ಕಾರಣ. ಚಿಪ್ಪಿನ ದೋಷವಲ್ಲದಿದ್ದರೂ ಚಿಪ್ಪಿಗೇ ಕೆಟ್ಟ ಹೆಸರು ಬಂತು.

ಎರಡು ವರ್ಷ ಕಳೆಯುವುದರೊಳಗೆ ಈ ಎರಡು ಕಂಪನಿಗಳ ಪೈಪೋಟಿ ವಿಪರೀತಕ್ಕೆ ಏರಿತು. 2000ದ ಮಾರ್ಚ್ 6ರಂದು ಎಎಂಡಿ 1 ಗಿಗಾಹರ್ಟ್ಸ್ ಚಿಪ್ಪನ್ನು ಪ್ರಕಟಿಸಿದರೆ, ಇಂಟೆಲ್ 8ರಂದು ತನ್ನದನ್ನು ಪ್ರಕಟಿಸಿತು. ಜುಲೈ ಕೊನೆಗೆ ಇಂಟೆಲ್ 1.13 ಗಿಗಾಹರ್ಟ್ಸ್ ಪೆಂಟಿಯಂ 3 ತಂದಿತು. ಈ ವೇಗದಲ್ಲಿ ಒಂದು ಮಿಡಿತಕ್ಕೆ ದೊರೆಯುವ ಕಾಲವೆಷ್ಟು? ಒಂದು ಸೆಕೆಂಡನ್ನು 113 ಕೋಟಿಯಿಂದ ಭಾಗಿಸಿ. ಅಷ್ಟರಲ್ಲಿ ಬೆಳಕು ಸಹ ಸುಮಾರು 26 ಸೆಂಟಿಮೀಟರ್ ಹೋದೀತು, ನಿಮ್ಮ ಜಾಮಿಟ್ರಿ ಡಬ್ಬಿಯ ಹೊರಗಿರುತ್ತಿದ್ದ ಉದ್ದದ ಸ್ಕೇಲಿಗಿಂತ ಕಡಿಮೆ. ಚಿಪ್ಪಿನ ಒಳಗೆ ವಿದ್ಯುತ್ ಸಂಕೇತವು ಎಷ್ಟೋ ದ್ವಾರಗಳನ್ನು ದಾಟಿ ಆ ಕಾಲದೊಳಗೆ ತಲುಪಬೇಕು. ಚಿಪ್ಪು ಬಿಸಿಯಾದರೆ ಸಂಕೇತ ನಿಧಾನವಾಗುತ್ತದೆ. ತಡವಾಗಿ ಬಂದ ಸಂಕೇತ ಬಾರದಿದ್ದಂತೆಯೇ. 1 ಎಂದಿರಬೇಕಾದದ್ದು 0 ಆಗುತ್ತದೆ, ಯಂತ್ರ ಬೀಳುತ್ತದೆ.

ಜರ್ಮನಿಯ ಥಾಮಸ್ ಪಾಬ್ಸ್ಟ್ ವೈದ್ಯಶಾಸ್ತ್ರ ಓದಿದವರು. ಯಂತ್ರಾಂಶಗಳ ವಿಮರ್ಶೆಯಿಂದ ಹೆಸರಾಗಿದ್ದರು. ಅವರಿಗೆ ಬಂದ 1.13 ಗಿಗಾಹರ್ಟ್ಸ್ ಮಾದರಿ ಪರೀಕ್ಷೆಗಳ ನಡುವೆ ಪದೇ ಪದೇ ಕುಸಿಯಿತು. ಅವರು ಅದನ್ನು ಮುಚ್ಚುಮರೆಯಿಲ್ಲದೆ ಬರೆದರು. ಇತರ ವಿಮರ್ಶಕರೂ ಪರೀಕ್ಷಿಸಿದರು. ಲಿನಕ್ಸ್‌ನ ತಿರುಳು ಭಾಗವನ್ನು ಕಂಪೈಲ್ ಮಾಡಿಸುವುದು ಇವರ ಒಂದು ಮುಖ್ಯ ಪರೀಕ್ಷೆಯಾಗಿತ್ತು. ಅದರಲ್ಲೊಂದು ಜಾಣತನವಿದೆ: ಪ್ರೋಗ್ರಾಮಿನ ತಪ್ಪಾದರೆ ಪ್ರತಿ ಸಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತದೆ, ಯಂತ್ರದ ತಪ್ಪಾದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುತ್ತದೆ. ಆಗಸ್ಟ್ 28ರಂದು ಇಂಟೆಲ್ ದೋಷವನ್ನು ಒಪ್ಪಿಕೊಂಡು ಆ ಚಿಪ್ಪುಗಳನ್ನೆಲ್ಲ ಹಿಂದಕ್ಕೆ ಪಡೆಯಿತು. 1994ರಲ್ಲಿ ತಿಂಗಳುಗಟ್ಟಲೆ ಹಿಡಿದದ್ದು ಈ ಸಲ ನಾಲ್ಕೇ ವಾರದಲ್ಲಿ ಮುಗಿಯಿತೆಂಬುದು ಗಮನಾರ್ಹ.

ಆ ದಿನಗಳಲ್ಲಿ ನಮ್ಮವರೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿದ್ದರಷ್ಟೆ. ಅವರಲ್ಲಿ ಹೆಚ್ಚಿನವರಿಗೆ ಎದುರಾದದ್ದು ಇಷ್ಟು ಘನವಾದ ದೋಷಗಳಲ್ಲ. ಹೀಟ್‌ಸಿಂಕಿನ ಕೆಳಗೆ ಲೇಪನ ಹಚ್ಚದಿರುವುದು, ಫ್ಯಾನು ಸರಿಯಾಗಿ ಕೂರದಿರುವುದು, ಹೊಸ ಚಿಪ್ಪಿನ ವಿದ್ಯುತ್ ಹಸಿವಿಗೆ ಹಳೆಯ ಎಸ್ಎಂಪಿಎಸ್ ಸಾಲದಿರುವುದು, ಮದರ್‌ಬೋರ್ಡಿನ ಬಯಾಸ್‌ಗೆ ಹೊಸ ಚಿಪ್ಪಿನ ಪರಿಚಯವೇ ಇಲ್ಲದಿರುವುದು ಸಾಮಾನ್ಯ ಕಾರಣಗಳು. ಸಾಕೆಟ್ಟಿನಲ್ಲಿ ಕೂರುತ್ತದೆಂದ ಮಾತ್ರಕ್ಕೆ ನಡೆಯಬೇಕೆಂದಿಲ್ಲ: 2001ರಲ್ಲಿ ಬಂದ ಟುಆಲಟಿನ್ ಎಂಬ ಪೆಂಟಿಯಂ 3 ಹಿಂದಿನ ಸಾಕೆಟ್ 370ರ ಆಕಾರಕ್ಕೇ ಹೊಂದುತ್ತಿದ್ದರೂ ಹಳೆಯ ಬೋರ್ಡುಗಳಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಪ್ರೊಸೆಸರನ್ನು ಮಾರಿಬಿಡದೆ ಇಟ್ಟುಕೊಂಡವರು ಜಾಣರು. ಅದನ್ನು ಮರಳಿ ಹಾಕಿದಾಗ ಯಂತ್ರ ಸರಿಯಾದರೆ ಅರ್ಧ ಉತ್ತರ ಸಿಕ್ಕಿದಂತೆ. ಹೊಸದರ ವೇಗವನ್ನು ಬಯಾಸ್‌ನಲ್ಲಿ ಒಂದಿಷ್ಟು ಇಳಿಸಿ ನೋಡಿದಾಗ ಕುಸಿತ ನಿಂತರೆ ಶಾಖ, ವಿದ್ಯುತ್ತು ಅಥವಾ ಚಿಪ್ಪು, ಈ ಮೂರರಲ್ಲಿ ಒಂದು ಎಂದು ತಿಳಿಯಬಹುದು.

ಇದೆಲ್ಲ ಹಳೆಯ ಪುರಾಣವಾಯಿತೆಂದು ಭಾವಿಸಬೇಡಿ. 2022 ಮತ್ತು 2023ರಲ್ಲಿ ಬಂದ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನು ಹಾಕಿಸಿಕೊಂಡ ಹಲವರ ಯಂತ್ರಗಳು ಕೆಲಕಾಲದ ನಂತರ ಕುಸಿಯತೊಡಗಿದವು. ಆಟ ಆಡುವವರ ಪರದೆಯ ಮೇಲೆ ವಿಡಿಯೊ ಮೆಮೊರಿ ಸಾಲದೆಂಬ ಸಂದೇಶ ಬರುತ್ತಿತ್ತು. ಪಾಪ, ಎಷ್ಟೋ ಹುಡುಗರು ಅದನ್ನು ನಂಬಿ ಗ್ರಾಫಿಕ್ಸ್ ಕಾರ್ಡನ್ನೇ ಶಂಕಿಸಿದರು. ಅಡಕಗೊಳಿಸಿಟ್ಟ ಮಾಹಿತಿಯನ್ನು ಬಿಡಿಸುವಾಗ ಪ್ರೊಸೆಸರ್ ತಪ್ಪುತ್ತಿತ್ತು, ಕಾರ್ಡು ನಿರ್ದೋಷಿ. 2024ರ ಜುಲೈನಲ್ಲಿ ಇಂಟೆಲ್, ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಬೇಡುತ್ತಿತ್ತೆಂದು ತಿಳಿಸಿತು. ಹೆಚ್ಚಿನ ವೋಲ್ಟೇಜು ಮತ್ತು ಶಾಖದಿಂದ ಮಿಡಿತವನ್ನು ಹಂಚುವ ಮಂಡಲವೇ ಸವೆಯುತ್ತಿತ್ತು. ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬಯಾಸ್ ಮೂಲಕ ತಿದ್ದುಪಡಿಗಳು ಬಂದವು. ಖಾತರಿಯ ಅವಧಿಯನ್ನು 2 ವರ್ಷ ವಿಸ್ತರಿಸಲಾಯಿತು. ಆದರೆ ಆಗಲೇ ಸವೆದ ಚಿಪ್ಪು ಯಾವ ತಿದ್ದುಪಡಿಯಿಂದಲೂ ಸರಿಹೋಗದು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಪೀಳಿಗೆಯ ಯಂತ್ರವಿದ್ದು ಕಾರಣವಿಲ್ಲದೆ ನಿಲ್ಲುತ್ತಿದ್ದರೆ, ಮೊದಲು ಬಯಾಸ್ ಯಾವ ತಿಂಗಳದೆಂದು ನೋಡಿ, ಕೊಂಡ ರಸೀದಿಯನ್ನು ಹುಡುಕಿ ತೆಗೆದಿಟ್ಟುಕೊಳ್ಳಿ.