ಆ ಒಂದು ರೂಪಾಯಿ ಯಾರ ಜೇಬಿಗೆ ಹೋಯ್ತು?

ಒಂದು ರೂಪಾಯಿ. ಇವತ್ತು ಆ ದುಡ್ಡಿಗೆ ಅರ್ಧ ಲೋಟ ಟೀ ಕೂಡ ಬರಲ್ಲ. ಆದ್ರೆ 1982ರಲ್ಲಿ ಕೂಲಿಯವರ ಕೈತಪ್ಪಿದ ಇದೇ ಒಂದು ರೂಪಾಯಿಯ ಲೆಕ್ಕ ಸುಪ್ರೀಂ ಕೋರ್ಟ್‌ ಮೆಟ್ಟಿಲು ಹತ್ತಿತ್ತು.

ಆ ವರ್ಷ ನವೆಂಬರ್ 19ಕ್ಕೆ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಉದ್ಘಾಟನೆ. ಸ್ಟೇಡಿಯಂ, ಫ್ಲೈಓವರ್, ಹೋಟೆಲ್ ಎಲ್ಲವೂ ಹಗಲೂ ರಾತ್ರಿ ಮೇಲೇಳುತ್ತಿದ್ದವು. ಕೆಲಸ ಯಾರದ್ದು? ಕೇಂದ್ರ ಸರ್ಕಾರ, ದೆಹಲಿ ಆಡಳಿತ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ್ದು. ಅವರು ಗುತ್ತಿಗೆದಾರರಿಗೆ ಕೊಟ್ಟರು. ಗುತ್ತಿಗೆದಾರರು ಜನ ಬೇಕು ಅಂತ ಜಮಾದಾರರಿಗೆ ಹೇಳಿದರು. ಜಮಾದಾರರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದಿಂದ ಆಳುಗಳನ್ನು ಕರೆತಂದರು. ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಆ ದುಡ್ಡು ಕೆಲಸಗಾರನ ಕೈಗಲ್ಲ, ಜಮಾದಾರನ ಕೈಗೆ ಹೋಗುತ್ತಿತ್ತು. ಅವನು ತಲೆಗೆ ಒಂದು ರೂಪಾಯಿ ಕಮಿಷನ್ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಣ್ಣಾಳುಗಳಿಗೆ ಸಿಗುತ್ತಿದ್ದದ್ದು ಬರೀ 7 ರೂಪಾಯಿ ಅಂತ ದೂರಿತ್ತು.

ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಇದನ್ನು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಪತ್ರ ಬರೆದು ತಿಳಿಸಿತು. ಆ ಪತ್ರವೇ ರಿಟ್ ಅರ್ಜಿ ಆಯ್ತು. ಸರ್ಕಾರದ ಕಡೆಯಿಂದ ಬಂದ ಒಂದು ವಾದ ಏನು ಗೊತ್ತಾ? ‘ಇವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರರ ಕೆಲಸಗಾರರು.’ 1982ರ ಸೆಪ್ಟೆಂಬರ್ 18ರ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಮೂಲ ಮಾಲೀಕನ ಹೊಣೆ ಕಳಚಿ ಬೀಳಲ್ಲ ಅಂದಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಅಂತಲೂ ಹೇಳಿತು.

ಹಾಗಾದ್ರೆ ಈ ಮಧ್ಯವರ್ತಿ ಯಾಕೆ ಬೇಕು? ನೇರವಾಗಿ ಜನರನ್ನು ತಗೊಂಡರೆ ಆಗಲ್ವಾ? ಇಂಜಿನಿಯರಿಂಗ್ ಓದುವಾಗ ಒಂದು ಸೈಟ್‌ನಲ್ಲಿ ನಾನೂ ಈ ಪ್ರಶ್ನೆ ಕೇಳಿದ್ದೆ. ಅಲ್ಲಿನ ಮೇಸ್ತ್ರಿ ನಕ್ಕು ಹೇಳಿದ್ದು: ‘ಪಾಯ ತೆಗೆಯೋರು ಬೇರೆ, ಸೆಂಟ್ರಿಂಗ್‌ನೋರು ಬೇರೆ, ಗಾರೆಯೋರು ಬೇರೆ, ಟೈಲ್ಸ್‌ನೋರು ಬೇರೆ. ಎಲ್ರನ್ನೂ ವರ್ಷವಿಡೀ ಇಟ್ಕೊಂಡು ಏನ್ ಮಾಡ್ತೀರಾ ಸಾರ್?’ ನಿಜ. ಕಟ್ಟಡದ ಕೆಲಸ ಹಂತ ಹಂತವಾಗಿ ನಡೆಯುತ್ತೆ. ಅದಕ್ಕೇ ಜನ ಹೊಂದಿಸಿ ಕೊಡುವವನು ಹುಟ್ಟಿಕೊಂಡ. ಅವನು ಇರೋದೇ ತಪ್ಪು ಅಂತ ನಾನು ಹೇಳಲ್ಲ. ಅವನ ಬೆನ್ನ ಹಿಂದೆ ಮಾಲೀಕ ಅಡಗಿಕೊಳ್ಳೋದು ತಪ್ಪು.

ಕಾನೂನಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಒಡಿಶಾದಲ್ಲಿ ‘ದಾದನ್’ ಅನ್ನೋ ಪದ್ಧತಿ ಇತ್ತು. ಮುಂಗಡ ಕೊಟ್ಟು ಊರಿಂದ ಕರೆದೊಯ್ಯುವುದು, ದೂರದ ಸೈಟ್‌ಗೆ ಮುಟ್ಟಿದ ಮೇಲೆ ಕೊಟ್ಟ ಮಾತು ಮರೆಯುವುದು. ಅದನ್ನು ತಡೆಯಲು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಬರ ಬಿದ್ದಾಗ ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬರುವವರನ್ನು ನೋಡಿದವರಿಗೆ ಈ ಕಥೆ ಹೊಸದಲ್ಲ.

ಹಾಗಂತ ನೇರ ನೇಮಕ ಅಂದ್ರೆ ಸ್ವರ್ಗ ಅಂದುಕೋಬೇಡಿ. ನಮ್ಮ ರಾಜ್ಯದ ಉದಾಹರಣೆಯನ್ನೇ ತಗೊಳ್ಳಿ. ಲೋಕೋಪಯೋಗಿ ಸೇರಿದಂತೆ ಕರ್ನಾಟಕದ ಹಲವು ಇಲಾಖೆಗಳು ಜನರನ್ನು ನೇರವಾಗಿಯೇ ತಗೊಂಡಿದ್ದವು, ಆದರೆ ದಿನಗೂಲಿ ಮೇಲೆ. ಎಷ್ಟೋ ಜನ ಹತ್ತಾರು ವರ್ಷ ಹಾಗೇ ದುಡಿದರು. ಧಾರವಾಡ ಜಿಲ್ಲೆಯ ಪಿಡಬ್ಲ್ಯುಡಿ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟ್‌ಗೆ ಹೋಯಿತು. 1990ರಲ್ಲಿ ತೀರ್ಪು ಬಂತು, ಹಂತ ಹಂತವಾಗಿ ಕಾಯಂ ಮಾಡುವ ದಾರಿ ತೆರೆಯಿತು. 2006ರ ಉಮಾದೇವಿ ಪ್ರಕರಣದ ತೀರ್ಪು ಇಂಥ ದಾರಿಯನ್ನು ಬಹುಪಾಲು ಮುಚ್ಚಿತು, ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದ್ದು ಒಂದೇ. ಧಾರವಾಡದವರಿಗೂ ಅನ್ಯಾಯವಾಗಿತ್ತು. ಆದರೆ ತಮ್ಮ ಮಾಲೀಕ ಯಾರು ಅಂತ ಅವರಿಗೆ ಗೊತ್ತಿತ್ತು. ಯಾರ ಮೇಲೆ ಕೇಸು ಹಾಕಬೇಕು ಅಂತ ಹುಡುಕಬೇಕಿರಲಿಲ್ಲ. ದೆಹಲಿಯ ಆಳುಗಳ ವಿಷಯದಲ್ಲಿ ಮೊದಲು ವಾದಿಸಬೇಕಾಗಿ ಬಂದದ್ದೇ ‘ಮಾಲೀಕ ಯಾರು’ ಅನ್ನೋದನ್ನು.

2020ಕ್ಕೆ ಬನ್ನಿ. ಲಾಕ್‌ಡೌನ್. ಬೆಂಗಳೂರಿನ ಲೇಬರ್ ಶೆಡ್‌ಗಳಲ್ಲಿದ್ದವರು ಊರಿಗೆ ಹೋಗ್ತೀವಿ ಅಂತ ರಸ್ತೆಗೆ ಬಂದರು. ಮೇ 5ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಅದರ ಬೆನ್ನಿಗೇ ಕಾರ್ಮಿಕರ ವಿಶೇಷ ರೈಲುಗಳು ಬೇಡ ಅಂತ ಸರ್ಕಾರ ರೈಲ್ವೆಗೆ ತಿಳಿಸಿತು. ಟೀಕೆ ಜೋರಾದ ಮೇಲೆ ಒಂದೆರಡು ದಿನದಲ್ಲಿ ನಿರ್ಧಾರ ಬದಲಾಯಿತು. ನೋಡಿ, ಕೆಲಸ ನಿಲ್ಲುತ್ತೆ ಅಂದಾಗ ಇವರೆಲ್ಲ ‘ನಮ್ಮ ಕೆಲಸಗಾರರು’. ಬಾಕಿ ಕೂಲಿ ಕೇಳಿದಾಗ?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1970ರ ಕಾಯ್ದೆ 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 50. ಮೂವತ್ತು ಜನರ ಸಣ್ಣ ಸೈಟ್‌ನಲ್ಲಿ ದುಡಿಯುವವನು ಈಗ ಯಾವ ಲೆಕ್ಕಕ್ಕೆ ಬರ್ತಾನೆ? ಕೇಳಬೇಕಾದ ಪ್ರಶ್ನೆ.

ಕೊನೆಗೆ ಒಂದು ಮಾತು ನಿಮಗೆ, ಮನೆ ಕಟ್ಟಿಸುತ್ತಿರುವವರಿಗೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ವೆಚ್ಚ 50 ಲಕ್ಷ ದಾಟಿದರೆ 1% ಸೆಸ್ ಅಂತ ನಾವು ಕಟ್ಟೋದು ಆ ಮಂಡಳಿಗೇ. ದುಡ್ಡೇನೋ ಕಟ್ಟುತ್ತೇವೆ. ಆದರೆ ಆ 90 ದಿನದ ಕಾಗದಕ್ಕೆ ಸಹಿ ಹಾಕೋರು ಯಾರು? ಮೇಸ್ತ್ರಿ ಕಂಟ್ರಾಕ್ಟರ್ ಕಡೆ ಕೈ ತೋರಿಸ್ತಾನೆ, ಕಂಟ್ರಾಕ್ಟರ್ ಮೇಸ್ತ್ರಿ ಕಡೆ. ನಾಳೆ ಸೈಟ್‌ಗೆ ಹೋದಾಗ ಸಿಮೆಂಟ್ ಮೂಟೆ ಎಣಿಸುವ ಮುಂಚೆ ಈ ಒಂದು ಪ್ರಶ್ನೆ ಕೇಳಿ. ಆ ಒಂದು ರೂಪಾಯಿ ಈಗ ಎಷ್ಟಾಗಿದೆ, ಯಾರ ಜೇಬಲ್ಲಿದೆ ಅನ್ನೋದು ನಿಮಗೇ ಗೊತ್ತಾಗುತ್ತೆ.