ಆ ಟಕ್ ಸದ್ದು ಯಾರಿಗೋಸ್ಕರ? ಒಂದು ಹಳೇ ಕೀಬೋರ್ಡಿನ ಇತಿಹಾಸ, 7 ಭಾಗಗಳಲ್ಲಿ

ಭಾಗ 1/7

ಬ್ಯಾಂಕ್ ಕೌಂಟರ್ ಮುಂದೆ ಅಥವಾ ಅಂಗಡಿ ಬಿಲ್ಲಿಂಗ್ ಹತ್ರ ನಿಂತಿದ್ದಾಗ ಕೀಬೋರ್ಡಿಂದ ಜೋರಾಗಿ ಟಕ ಟಕ ಅನ್ನೋ ಸದ್ದು ಕೇಳಿದ್ದೀರಾ? ನಮ್ಮ ಕಾಲೇಜಿನ ಲ್ಯಾಬ್ ಕೀಬೋರ್ಡ್‌ಗಳು ಹಾಗೆ ಸದ್ದು ಮಾಡಲ್ಲ. ಒತ್ತಿದ್ರೆ ಮೆತ್ತಗೆ ಒಳಗೆ ಹೋಗುತ್ತೆ, ಅಷ್ಟೇ. ಇವೆರಡರ ನಡುವೆ ಇರೋ ವ್ಯತ್ಯಾಸಕ್ಕೆ ಒಂದು ದೊಡ್ಡ ಕಥೆ ಇದೆ.

ಮೊದಲ ಫೋಟೋ ನೋಡಿ. ಇದು ಐಬಿಎಂ ಮಾಡೆಲ್ ಎಂ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹಳೇ ಕಂಪ್ಯೂಟರ್ ಸಾಮಾನಿನ ರಾಶಿ ಕೆಳಗೆ ಸಿಕ್ತು. ಕೊಟ್ಟಿದ್ದು 400 ರೂಪಾಯಿ. ತೂಕ ಎರಡು ಕೆಜಿಗಿಂತ ಜಾಸ್ತಿ. ಹಿಂದೆ ಅಂಟಿಸಿರೋ ಚೀಟಿಯಲ್ಲಿ ತಯಾರಾದ ವರ್ಷ 1989 ಅಂತಿದೆ. ಅಂದ್ರೆ ನನಗಿಂತ ತುಂಬಾ ದೊಡ್ಡದು.

ಮನೆಗೆ ತಂದಾಗ ಅಮ್ಮ ಬೈದ್ರು, "ಮನೇಲಿ ಇರೋ ಗುಜರಿ ಸಾಲ್ದಾ?" ಅಂತ. ಆಮೇಲೆ ಅದನ್ನೇ ನೋಡ್ತಾ ಇನ್ನೊಂದು ಮಾತು ಹೇಳಿದ್ರು. "ನಾನು ಟೈಪಿಂಗ್ ಕಲ್ತಿದ್ದೂ ಹಿಂಗೇ ಕಣೇ, ಗುಜರಿಗೆ ಹೋಯ್ತು."

ನನ್ನ ಅಮ್ಮ ಇಂಗ್ಲಿಷ್ ಸೀನಿಯರ್, ಕನ್ನಡ ಸೀನಿಯರ್ ಎರಡೂ ಟೈಪಿಂಗ್ ಪರೀಕ್ಷೆ ಪಾಸ್ ಮಾಡಿದವರು. ತುಮಕೂರಲ್ಲಿ ಕೋರ್ಟ್ ಹತ್ರ ಒಂದು ಸಣ್ಣ ಜಾಬ್ ಟೈಪಿಂಗ್ ಅಂಗಡಿ ನಡೆಸ್ತಿದ್ರು. ವಕೀಲರ ಆಫೀಸುಗಳಿಗೆಲ್ಲ ಅವರದ್ದೇ ಕಂಪ್ಯೂಟರ್ ಬಂದ್ಮೇಲೆ ಕೆಲಸ ಕಮ್ಮಿಯಾಯ್ತು. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿದ್ರು.

ಆ ಮಾತು ನನ್ನ ತಲೆಯಲ್ಲೇ ಉಳೀತು. ಈ ಸೀರೀಸ್ ಅದಕ್ಕೆ ನನ್ನ ಉತ್ತರ. ಓದಿ, ಕೊನೆಗೆ ನಿಮಗೂ ಒಂದು ಕೆಲಸ ಇದೆ.

ಭಾಗ 2/7

ನಾವು ದಿನಾ ಮುಟ್ಟೋ ಕೀಬೋರ್ಡಿನ ಅಕ್ಷರಗಳು ಎ, ಬಿ, ಸಿ ಅಂತ ಸಾಲಾಗಿ ಯಾಕಿಲ್ಲ? ಇದಕ್ಕೆ 150 ವರ್ಷ ಹಿಂದೆ ಹೋಗಬೇಕು.

ಅಮೆರಿಕದ ಮಿಲ್ವಾಕಿ ಊರಿನ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಟೈಪ್‌ರೈಟರ್‌ಗೆ ಪೇಟೆಂಟ್ ಪಡೆದರು. ಅದನ್ನ ತಯಾರಿಸಿ ಮಾರೋ ಜವಾಬ್ದಾರಿ ತಗೊಂಡಿದ್ದು ಬಂದೂಕು ಮತ್ತು ಹೊಲಿಗೆ ಯಂತ್ರ ಮಾಡ್ತಿದ್ದ ರೆಮಿಂಗ್ಟನ್ ಕಂಪನಿ. 1874ರಲ್ಲಿ ಮಾರುಕಟ್ಟೆಗೆ ಬಂದ ಆ ಮೊದಲ ಯಂತ್ರ ನೋಡೋಕೂ ಹೊಲಿಗೆ ಮೆಷಿನ್ ಥರಾನೇ ಇತ್ತು, ಕಾಲಲ್ಲಿ ತುಳಿಯೋ ಪೆಡಲ್ ಸಮೇತ! ಅದರಲ್ಲಿ ಬರೀ ದೊಡ್ಡಕ್ಷರ ಬರ್ತಿತ್ತು. ಶಿಫ್ಟ್ ಕೀ ಬಂದಿದ್ದು 1878ರ ರೆಮಿಂಗ್ಟನ್ ನಂಬರ್ 2 ಯಂತ್ರದಲ್ಲಿ.

ಕ್ವರ್ಟಿ ಜೋಡಣೆ ಯಾಕೆ ಹೀಗಾಯ್ತು ಅನ್ನೋದಕ್ಕೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಒಳಗಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕ್ಕೊಳ್ಳಬಾರದು ಅಂತ ಮಾಡಿದ್ರು ಅಂತ ಕೆಲವರು, ಆ ಯಂತ್ರವನ್ನ ಮೊದಮೊದಲು ಬಳಸಿದ ಟೆಲಿಗ್ರಾಫ್ ಆಪರೇಟರ್‌ಗಳ ಅನುಕೂಲಕ್ಕೆ ಅಂತ ಕೆಲವರು.

ನನಗೆ ಇದಕ್ಕಿಂತ ಇಷ್ಟ ಆಗಿದ್ದು 1872ರ ಒಂದು ಫೋಟೋ. ಶೋಲ್ಸ್ ಅವರ ಮಗಳು ಲಿಲಿಯನ್ ಆ ಯಂತ್ರದ ಮುಂದೆ ಕೂತಿದ್ದಾಳೆ. ಆಮೇಲಿನ ವರ್ಷಗಳಲ್ಲಿ ಅಮೆರಿಕದ ಆಫೀಸುಗಳ ಒಳಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದಕ್ಕೆ ಟೈಪ್‌ರೈಟರ್ ಒಂದು ಮುಖ್ಯ ಕಾರಣ.

ನಮ್ಮಲ್ಲೂ ಅಷ್ಟೇ. ಗೋದ್ರೇಜ್ 1955ರಿಂದ ಇಲ್ಲೇ ಟೈಪ್‌ರೈಟರ್ ತಯಾರಿಸೋಕೆ ಶುರು ಮಾಡ್ತು. ಊರೂರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಬಂದವು. ನಮ್ಮಮ್ಮ ಪಿಯುಸಿ ಮುಗಿಸಿ ಸೇರಿದ್ದು ಅಂಥದ್ದೊಂದಕ್ಕೆ.

ಭಾಗ 3/7

ಈಗ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ಬನ್ನಿ. ಐಬಿಎಂ ತನ್ನ ಎಲೆಕ್ಟ್ರಿಕ್ ಟೈಪ್‌ರೈಟರ್‌ಗಳನ್ನ ತಯಾರಿಸ್ತಿದ್ದ ಊರು ಇದು. 1961ರಲ್ಲಿ ಬಂದ ಸೆಲೆಕ್ಟ್ರಿಕ್ ಟೈಪ್‌ರೈಟರ್‌ನಲ್ಲಿ ಕಡ್ಡಿಗಳೇ ಇರಲಿಲ್ಲ. ಅಕ್ಷರಗಳೆಲ್ಲ ಗಾಲ್ಫ್ ಚೆಂಡಿನಂಥ ಒಂದು ಗುಂಡಿನ ಮೇಲೆ ಇದ್ದವು. ಆ ಗುಂಡು ತಿರುಗಿ ತಿರುಗಿ ಹೊಡೀತಿತ್ತು. ಟೈಪಿಸ್ಟ್‌ಗಳಿಗೆ ಅದರ ಕೀಗಳು ಎಷ್ಟು ಒಗ್ಗಿಹೋದವು ಅಂದ್ರೆ, ಕಂಪ್ಯೂಟರ್ ಬಂದಾಗ ಐಬಿಎಂ ಎದುರು ಇದ್ದ ಪ್ರಶ್ನೆ ಇದೇ: ಇವರ ಕೈಗೆ ಅದೇ ಅನುಭವ ಕೊಡೋದು ಹೇಗೆ?

ಟೈಪ್‌ರೈಟರ್‌ನಲ್ಲಿ ಅಕ್ಷರ ಬಿತ್ತು ಅನ್ನೋದು ಬೆರಳಿಗೂ ಕಿವಿಗೂ ತಾನಾಗೇ ಗೊತ್ತಾಗುತ್ತೆ. ಕಂಪ್ಯೂಟರ್ ಕೀಬೋರ್ಡಲ್ಲಿ ಏನೂ ಹೊಡೆಯಲ್ಲ, ಬರೀ ವಿದ್ಯುತ್ ಸಂಕೇತ ಹೋಗುತ್ತೆ. ಹಾಗಾದ್ರೆ ಟೈಪ್ ಮಾಡೋರಿಗೆ ಗೊತ್ತಾಗೋದು ಹೇಗೆ?

ಐಬಿಎಂನ ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್ ಇದಕ್ಕೊಂದು ದಾರಿ ಹುಡುಕಿದರು. ಪೇಟೆಂಟ್ ಸಿಕ್ಕಿದ್ದು 1978ರಲ್ಲಿ. ಎರಡನೇ ಫೋಟೋದಲ್ಲಿ ಕಾಣ್ತಿರೋ ಚಿಕ್ಕ ಸ್ಪ್ರಿಂಗ್ ಅದೇ. ಕೀ ಒತ್ತಿದಾಗ ಸ್ಪ್ರಿಂಗ್ ಕುಗ್ತಾ ಹೋಗುತ್ತೆ. ಒಂದು ಹಂತದಲ್ಲಿ ತಡೀಲಾರದೆ ಫಟ್ ಅಂತ ಪಕ್ಕಕ್ಕೆ ಬಾಗುತ್ತೆ. ಬಾಗಿದಾಗ ಕೆಳಗಿರೋ ಪುಟ್ಟ ಸುತ್ತಿಗೆಯಂಥ ತುಂಡನ್ನ ವಾಲಿಸುತ್ತೆ. ಸದ್ದು ಬರೋದು, ಬೆರಳಿಗೆ ಒದ್ದಂತಾಗೋದು, ಅಕ್ಷರ ದಾಖಲಾಗೋದು ಎಲ್ಲಾ ಆಗ, ಒಟ್ಟಿಗೇ. ಕೀಯನ್ನ ತಳದವರೆಗೂ ಕುಟ್ಟಬೇಕಾಗಿಲ್ಲ, ಕಣ್ಣಲ್ಲಿ ನೋಡಬೇಕಾಗೂ ಇಲ್ಲ.

ಅಂದ್ರೆ ಆ ಟಕ್ ಸದ್ದು ಗೇಮರ್‌ಗಳ ಶೋಕಿಗೆ ಹುಟ್ಟಿದ್ದಲ್ಲ. ಕಾಗದ ನೋಡ್ಕೊಂಡು ಕೀಬೋರ್ಡ್ ನೋಡದೆ ದಿನವಿಡೀ ಟೈಪ್ ಮಾಡೋ ಗುಮಾಸ್ತರ ಕೈಗೆ ಹುಟ್ಟಿದ್ದು.

ಭಾಗ 4/7

ನಾನು ಬಿಕಾಂ, ಅದಕ್ಕೇ ಈಗ ಸ್ವಲ್ಪ ಲೆಕ್ಕ.

1981ರ ಆಗಸ್ಟಲ್ಲಿ ಐಬಿಎಂ ಪಿಸಿ ಬಂತು. ಅದರ ಜೊತೆ ಬಂದ ಕೀಬೋರ್ಡ್ ಮಾಡೆಲ್ ಎಫ್. ಒಳಗೆ ಇದೇ ಬಾಗೋ ಸ್ಪ್ರಿಂಗ್, ಕೆಳಗೆ ಪೂರ್ತಿ ಸರ್ಕ್ಯೂಟ್ ಬೋರ್ಡ್. ಮಾಡೋಕೆ ದುಬಾರಿ. 1985ರಲ್ಲಿ ಮಾಡೆಲ್ ಎಂ ಬಂತು. ಸ್ಪ್ರಿಂಗ್ ಅದೇ. ಆದ್ರೆ ಸರ್ಕ್ಯೂಟ್ ಬೋರ್ಡ್ ಜಾಗದಲ್ಲಿ ವಿದ್ಯುತ್ ದಾರಿ ಬಳಿದ ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನ ಪ್ಲಾಸ್ಟಿಕ್ ತಟ್ಟೆಯನ್ನೂ ಕೆಳಗಿನ ಉಕ್ಕಿನ ತಟ್ಟೆಯನ್ನೂ ಸೇರಿಸಿ ಹಿಡಿಯೋಕೆ ಕಾಯಿಸಿ ಒತ್ತಿದ ಪ್ಲಾಸ್ಟಿಕ್ ರಿವೆಟ್‌ಗಳು.

ಗಮನಿಸಿ. ಇವತ್ತು ಎಲ್ಲರೂ "ಆಗಿನ ಕಾಲದ ಗಟ್ಟಿ ಮಾಲು" ಅಂತ ಹೊಗಳೋ ಮಾಡೆಲ್ ಎಂ ಕೂಡ ಖರ್ಚು ಉಳಿಸೋಕೆ ಮಾಡಿದ ವಿನ್ಯಾಸವೇ! ಆದ್ರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅಂತ ಗೆರೆ ಎಳೆದಿದ್ರು. ಬೆರಳಿಗೆ ತಾಗೋ ಸ್ಪ್ರಿಂಗಿಗೆ ಕೈ ಹಾಕಲಿಲ್ಲ. ಕೀ ಮೇಲಿನ ಅಕ್ಷರಗಳನ್ನೂ ಸುಮ್ನೆ ಮೇಲ್ಮೈಗೆ ಅಚ್ಚು ಹಾಕದೆ ಬಣ್ಣ ಪ್ಲಾಸ್ಟಿಕ್ ಒಳಗೇ ಇಳಿಯೋ ಹಾಗೆ ಮಾಡಿದ್ರು. 1989ರ ನನ್ನ ಕೀಬೋರ್ಡಲ್ಲಿ ಒಂದಕ್ಷರವೂ ಅಳಿಸಿಲ್ಲ. ಇದರ 101 ಕೀಗಳ ಜೋಡಣೆಯೇ, ಅಂದ್ರೆ ಮೇಲೆ ಎಫ್1ರಿಂದ ಎಫ್12, ಬಲಕ್ಕೆ ಅಂಕಿಗಳು, ನಡುವೆ ಬಾಣದ ಕೀಗಳು, ಇವತ್ತಿನ ದೊಡ್ಡ ಕೀಬೋರ್ಡ್‌ಗಳಲ್ಲೂ ಉಳಿದಿದೆ. ವಿಂಡೋಸ್ ಕೀ ಮಾತ್ರ ಇಲ್ಲ. ಅದು ಹುಟ್ಟಿದ್ದೇ ಆಮೇಲೆ.

ಈಗ ಸವಕಳಿ. ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ. 100 ರೂಪಾಯಿ ಮಾಲು ಮೊದಲ ವರ್ಷಕ್ಕೆ 60, ಆಮೇಲೆ 36, 21.60, 12.96. ಐದನೇ ವರ್ಷದ ಕೊನೆಗೆ 8 ರೂಪಾಯಿಯೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಹತ್ತಿರ ಹತ್ತಿರ ಸೊನ್ನೆ. ಆದ್ರೆ ನನ್ನ ಮೇಜಿನ ಮೇಲೆ 35 ವರ್ಷ ದಾಟಿದ ಕೀಬೋರ್ಡ್ ಇನ್ನೂ ಅಕ್ಷರ ಮೂಡಿಸ್ತಿದೆ. ಪುಸ್ತಕದ ಬೆಲೆ ಬೇರೆ, ಬಾಳಿಕೆ ಬೇರೆ. ಎಕ್ಸಾಮಲ್ಲಿ ಇದನ್ನ ಬರೆದ್ರೆ ಮಾರ್ಕ್ಸ್ ಸಿಗಲ್ಲ, ಆದ್ರೂ ನೆನಪಿಟ್ಕೊಳ್ಳಿ.

ಭಾಗ 5/7

ಹಾಗಾದ್ರೆ ಇವು ಯಾಕೆ ಮಾಯವಾದವು?

1990ರ ದಶಕದಲ್ಲಿ ಕಂಪ್ಯೂಟರ್ ಬೆಲೆ ಇಳೀತಾ ಬಂತು, ಮನೆಮನೆಗೆ ಬಂತು. ಕೊಳ್ಳೋರು ಪ್ರೊಸೆಸರ್ ವೇಗ ಕೇಳ್ತಿದ್ರು, ಕೀಬೋರ್ಡ್ ಹೇಗಿದೆ ಅಂತ ಯಾರು ಕೇಳ್ತಾರೆ? ಸ್ಪ್ರಿಂಗ್ ಜಾಗಕ್ಕೆ ರಬ್ಬರ್ ಗುಮ್ಮಟ ಬಂತು. ಎಲ್ಲ ಕೀಗಳಿಗೂ ಸೇರಿ ಒಂದೇ ರಬ್ಬರ್ ಹಾಳೆ. ಅಗ್ಗ, ಹಗುರ, ಸದ್ದಿಲ್ಲ. ಕೆಟ್ಟರೆ ಬಿಸಾಕಿ ಹೊಸದು ತಗೊಳ್ಳೋದು.

ಐಬಿಎಂ 1991ರಲ್ಲಿ ತನ್ನ ಲೆಕ್ಸಿಂಗ್ಟನ್ ವಿಭಾಗವನ್ನ ಬೇರೆ ಮಾಡ್ತು, ಅದೇ ಲೆಕ್ಸ್‌ಮಾರ್ಕ್ ಆಯ್ತು. 1996ರಲ್ಲಿ ಲೆಕ್ಸ್‌ಮಾರ್ಕ್ ಕೂಡ ಕೀಬೋರ್ಡ್ ಕೆಲಸ ಬಿಡ್ತು. ಆಗ ಹುಟ್ಟಿದ ಯೂನಿಕಾಂಪ್ ಅನ್ನೋ ಸಣ್ಣ ಕಂಪನಿ ಆ ಅಚ್ಚುಗಳನ್ನೂ ಯಂತ್ರಗಳನ್ನೂ ಕೊಂಡು, ಅದೇ ಲೆಕ್ಸಿಂಗ್ಟನ್‌ನಲ್ಲಿ ಬಾಗೋ ಸ್ಪ್ರಿಂಗಿನ ಕೀಬೋರ್ಡ್ ತಯಾರಿಕೆ ಮುಂದುವರಿಸಿತು.

ನಮ್ಮ ದೇಶದಲ್ಲಿ ಈ ಸದ್ದು ಉಳಿದಿದ್ದು ಇನ್ನೊಂದು ದಾರಿಯಲ್ಲಿ. ಟಿವಿಎಸ್ ಗೋಲ್ಡ್ ಕೀಬೋರ್ಡ್ ನೆನಪಿದೆಯಾ? ಅದರೊಳಗೆ ಇರ್ತಿದ್ದಿದ್ದು ಚೆರ್ರಿ ಎಂಎಕ್ಸ್ ಬ್ಲೂ ಸ್ವಿಚ್. 1980ರ ದಶಕದಲ್ಲಿ ಬಂದ ಚೆರ್ರಿ ಎಂಎಕ್ಸ್ ಜಾತಿಯದ್ದು. ಇದರ ಟಕ್ ಬೇರೆ ಥರ. ಸ್ಪ್ರಿಂಗ್ ಬಾಗಲ್ಲ, ಒಳಗಿರೋ ಪುಟ್ಟ ಪ್ಲಾಸ್ಟಿಕ್ ತುಂಡು ಜಾರಿ ಬಡಿಯುತ್ತೆ. ಬೇರೆಲ್ಲ ಕಡೆ ಗೇಮಿಂಗ್‌ಗೆ ಅಂತ ದುಬಾರಿ ಬೆಲೆಗೆ ಹೋಗ್ತಿದ್ದ ಸ್ವಿಚ್ ನಮ್ಮಲ್ಲಿ ಕೌಂಟರ್‌ಗಳಲ್ಲಿ, ಡೇಟಾ ಎಂಟ್ರಿ ಮೇಜುಗಳಲ್ಲಿ ಸದ್ದಿಲ್ಲದೆ, ಅಲ್ಲ ಅಲ್ಲ, ಸದ್ದು ಮಾಡ್ತಾನೇ ದುಡೀತಿತ್ತು! ದಿನಕ್ಕೆ ಎಂಟು ಗಂಟೆ ಟೈಪ್ ಮಾಡೋರಿಗೆ ಒಳ್ಳೇ ಕೀಬೋರ್ಡ್ ಶೋಕಿ ಅಲ್ಲ, ಹೊಟ್ಟೆಪಾಡು.

ಭಾಗ 6/7

ಈಗ ರಿಪೇರಿ. ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ.

ಮಾಡೆಲ್ ಎಂ ಸಿಗೋಕೆ ಮುಂಚೆ ಇನ್ನೊಂದು ಹಳೇ ಕೀಬೋರ್ಡ್ ತಂದಿದ್ದೆ. ಕೀಗಳು ಬಿಗಿಯಾಗಿವೆ ಅಂತ ಬೀಗಕ್ಕೆ ಬಿಡೋ ಎಣ್ಣೆಯನ್ನೇ ಸ್ವಿಚ್ಚುಗಳೊಳಗೆ ಬಿಟ್ಟೆ. ಮೊದಲ ದಿನ ನುಣ್ಣಗೆ ಹೋಯ್ತು. ವಾರದಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡು ಎಲ್ಲಾ ಅಂಟಂಟಾಯ್ತು. ಇಷ್ಟು ವರ್ಷ ಬದುಕಿದ್ದನ್ನ ನಾನೇ ಏಳು ದಿನದಲ್ಲಿ ಕೊಂದೆ. ದಯವಿಟ್ಟು ನೀವು ಹಾಗೆ ಮಾಡ್ಬೇಡಿ.

ಈ ಸಲ ನಿಧಾನವಾಗಿ ಮಾಡಿದೆ:

1. ಬಿಚ್ಚೋ ಮುಂಚೆ ಫೋಟೋ. ಯಾವ ಕೀ ಎಲ್ಲಿತ್ತು ಅನ್ನೋದು ಆಮೇಲೆ ನೆನಪಿರಲ್ಲ.
2. ಮಾಡೆಲ್ ಎಂ ಹಿಂಭಾಗದ ನಾಲ್ಕು ಸ್ಕ್ರೂಗಳು ಆಳದಲ್ಲಿವೆ, ತಲೆ ಆರು ಮೂಲೆಯದ್ದು. 5.5 ಮಿ.ಮೀ. ಅಳತೆಯ, ಗೋಡೆ ತೆಳುವಾಗಿರೋ ನಟ್ ಡ್ರೈವರ್ ಬೇಕು.
3. ಕೀಗಳನ್ನ ನೇರವಾಗಿ ಮೇಲಕ್ಕೆ ಎಳೆದು ತೆಗೆದು, ಪಾತ್ರೆ ತೊಳೆಯೋ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ನೆನೆಸೋದು. ಕುದಿಯೋ ನೀರು ಬೇಡ. ಒಂದಿಡೀ ದಿನ ಒಣಗಿಸೋದು.
4. ಸ್ಪ್ರಿಂಗ್ ಇರೋ ಭಾಗಕ್ಕೆ ನೀರು ಬೇಡವೇ ಬೇಡ. ಮೆತ್ತಗಿನ ಬ್ರಷ್ ಸಾಕು.
5. ಹಳದಿಯಾದ ಪ್ಲಾಸ್ಟಿಕ್‌ನ್ನ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು ಬಳಸಿ ಬೆಳ್ಳಗೆ ಮಾಡೋ ವಿಧಾನ ಇದೆ. ಚರ್ಮ ಸುಡುತ್ತೆ, ಸಮನಾಗಿ ಹಚ್ಚದಿದ್ರೆ ಪಟ್ಟೆ ಬೀಳುತ್ತೆ. ನಾನು ಮಾಡ್ಲಿಲ್ಲ. ವಯಸ್ಸಾಗಿದೆ, ಕಾಣ್ಲಿ ಬಿಡಿ.
6. ಈಗಿನ ಲ್ಯಾಪ್‌ಟಾಪ್‌ಗೆ ಸೇರಿಸೋಕೆ ಒಳಗೆ ಚಿಪ್ ಇರೋ ಕನ್ವರ್ಟರ್ ತಗೊಳ್ಳಿ. ಬರೀ ಪಿನ್ ಬದಲಾಯಿಸೋ ಪುಟ್ಟ ಅಡಾಪ್ಟರ್ ಇದಕ್ಕೆ ನಡೆಯಲ್ಲ.

ಜೋಡಿಸಿ ಒಂದೊಂದೇ ಕೀ ಒತ್ತಿ ನೋಡಿದೆ. 101 ಕೀ, ಎಲ್ಲವೂ ಸ್ಕ್ರೀನ್ ಮೇಲೆ ಬಂದವು. ಮುಗೀತು ಅಂದ್ಕೊಂಡೆ.

ಭಾಗ 7/7

ಅಮ್ಮನ್ನ ಕರೆದು ಕೂರಿಸಿದೆ. "ಇದ್ರಲ್ಲಿ ಕನ್ನಡ ಎಲ್ಲಿದೆ?" ಅಂದ್ರು. ಇದೆ!

ಅಮ್ಮ ಮೊದಲು ಕಲಿತಿದ್ದು ಕನ್ನಡ ಟೈಪ್‌ರೈಟರ್ ವಿನ್ಯಾಸ. ಅದರಲ್ಲಿ ಅಕ್ಷರವನ್ನ ತುಂಡು ತುಂಡಾಗಿ ಕೂಡಿಸಬೇಕಿತ್ತು. ಕಂಪ್ಯೂಟರ್‌ಗೆ ಬಂದಾಗ ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಅಂತೀವಲ್ಲ, ಅವರು ಬೇರೆ ದಾರಿ ಕಂಡುಕೊಂಡರು. ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರದ ಕೀಗಳಲ್ಲೇ, ಉಚ್ಚಾರಣೆಯ ಕ್ರಮದಲ್ಲಿ, ಇಡೀ ಕನ್ನಡವನ್ನ ಕೂರಿಸಿದರು. ಅದೇ ಮುಂದೆ ನುಡಿ ತಂತ್ರಾಂಶದಲ್ಲಿ ಬಂತು, ಸರ್ಕಾರದ ಮಾನ್ಯತೆಯೂ ಸಿಕ್ತು. ಅದರಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದ್ರೆ "ಕನ್ನಡ". ಐದೇ ಕೀ. ಹಾಗಾಗಿ ಕನ್ನಡದ ಒಂದಕ್ಷರವೂ ಇಲ್ಲದ 1989ರ ಕೀಬೋರ್ಡಲ್ಲಿ ಇವತ್ತು ಕನ್ನಡ ಬರೀಬಹುದು.

ಅಮ್ಮ ಕೈ ಇಟ್ರು. ಕೀಬೋರ್ಡ್ ನೋಡಲೇ ಇಲ್ಲ, ಗೋಡೆ ನೋಡ್ತಾ ಟೈಪ್ ಮಾಡಿದ್ರು. ಸ್ಕ್ರೀನ್ ಮೇಲೆ ಬಂದಿದ್ದು "ಪ್ರಮಾಣೀಕರಿಸಿ ತಿಳಿಸುವುದೇನೆಂದರೆ". ಅಫಿಡವಿಟ್! ಇಬ್ಬರೂ ನಕ್ಕುಬಿಟ್ವಿ.

ಆಮೇಲೆ ನಿಲ್ಲಿಸಿ, "ಕೆಳಗಿನ ಸಾಲಲ್ಲಿ ಎಡಗಡೆ ಮೂರು ಕೀ ಸರಿಯಾಗಿ ಒದೀತಿಲ್ಲ ಕಣೇ, ಸದ್ದೂ ಮಂದ" ಅಂದ್ರು. ನಾನು ನಂಬ್ಲಿಲ್ಲ. ಎಲ್ಲಾ ಕೀ ಪರೀಕ್ಷೆ ಮಾಡಿದ್ದೆನಲ್ಲ! ಮತ್ತೆ ಬಿಚ್ಚಿ ಉಕ್ಕಿನ ತಟ್ಟೆಯನ್ನ ಬೆಳಕಿಗೆ ಹಿಡಿದೆ. ಸರಿಯಾಗಿ ಅದೇ ಜಾಗದಲ್ಲಿ, ವಯಸ್ಸಾದ ಪ್ಲಾಸ್ಟಿಕ್ ರಿವೆಟ್‌ಗಳ ತಲೆ ಮುರಿದಿತ್ತು. ತಟ್ಟೆಗಳ ನಡುವೆ ಕೂದಲೆಳೆಯಷ್ಟು ಸಂದು. ಅಕ್ಷರ ಬೀಳ್ತಿತ್ತು, ಸ್ಪ್ರಿಂಗಿನ ಒದೆತ ಹೋಗಿತ್ತು. ಆ ಜಾಗದಲ್ಲಿ ಸಣ್ಣ ತೂತು ಕೊರೆದು 2 ಮಿ.ಮೀ. ಸ್ಕ್ರೂ, ನಟ್ ಹಾಕಿ ಬಿಗಿದೆ. ತಟ್ಟೆ ಅಲುಗದ ಹಾಗೆ ಹಿಡ್ಕೊಂಡಿದ್ದು ಅಮ್ಮ.

ನನ್ನ ಪರೀಕ್ಷೆ ಅಕ್ಷರ ಬಂತಾ ಅಂತ ಮಾತ್ರ ನೋಡ್ತು. ಅಮ್ಮನ ಕೈ, ಅದು ಹೇಗೆ ಬಂತು ಅಂತ ನೋಡ್ತು. ಈ ಸ್ಪ್ರಿಂಗ್ ಮಾಡಿದ್ದೇ ಅಂಥ ಕೈಗಳಿಗೆ. ಕಂಪನಿ, ಪೇಟೆಂಟ್, ಎಂಜಿನಿಯರ್ ಹೆಸರು ಇತಿಹಾಸದಲ್ಲಿ ಸಿಗುತ್ತೆ. ಟೈಪಿಸ್ಟ್‌ಗಳ ಹೆಸರು ಸಿಗಲ್ಲ. ಅವರ ಕೈ ಹೇಗಿತ್ತು ಅನ್ನೋದಕ್ಕೆ ಉಳಿದಿರೋ ಸಾಕ್ಷಿ ಈ ಯಂತ್ರಗಳು. ಟೈಪಿಂಗ್ ಕಲಿತಿದ್ದು ಗುಜರಿಗೆ ಹೋಗಿಲ್ಲ ಅಮ್ಮ. ಗುಜರಿಯಿಂದ ಬಂದಿದ್ದನ್ನ ಸರಿ ಮಾಡಿದ್ದೇ ಅದು.

ಈಗ ನಿಮ್ಮ ಕೆಲಸ. ನಿಮ್ಮ ಮನೇಲಿ ಅಮ್ಮನೋ, ಚಿಕ್ಕಮ್ಮನೋ, ಮಾವನೋ, ಯಾರಾದ್ರೂ ಟೈಪಿಂಗ್ ಕಲಿತಿದ್ರಾ ಅಂತ ಇವತ್ತು ರಾತ್ರಿ ಕೇಳಿ. ಯಾವ ಇನ್‌ಸ್ಟಿಟ್ಯೂಟ್, ಯಾವ ಮೆಷಿನ್, ಎಷ್ಟು ಸ್ಪೀಡ್? ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ಅಮ್ಮ ಎಲ್ಲಾ ಓದ್ತಾರೆ, ನಾನು ಓದಿ ಹೇಳ್ತೀನಿ ಅಂದ್ರೂ ಬಿಡಲ್ಲ.

#ಹಳೇಕೀಬೋರ್ಡ್ #ಟೈಪಿಂಗ್‌ಇತಿಹಾಸ #ಕನ್ನಡ